ಕುಮಟೆಯಿಂದ ಗೋಕರ್ಣಕ್ಕೆ, ನೀರಂಚಿನಲ್ಲಿ

ಕುಮಟೆಯಿಂದ ಗೋಕರ್ಣಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹೆದ್ದಾರಿ ಮಿರ್ಜಾನಿನ ಕಡೆ ಒಳಸುತ್ತು ಹಾಕಿ, ಸೇತುವೆಯ ಮೇಲೆ ಅಘನಾಶಿನಿಯನ್ನು ದಾಟಿ, ಹಿರೇಗುತ್ತಿ ಕಳೆದು ಮುಂದೆ ಹೋಗುತ್ತದೆ. ಮಾದನಗೇರಿಯಲ್ಲಿ ಎಡಕ್ಕೆ ಹೊರಳಿದರೆ ಗೋಕರ್ಣ. ಕಿಟಕಿಯಾಚೆ ಗುಡ್ಡ, ಗದ್ದೆ, ಲಾರಿಗಳ ಸಾಲು. ಎರಡೂ ಕಡಲತಡಿಯ ಊರುಗಳೇ ಆದರೂ ನಡುದಾರಿಯಲ್ಲಿ ಕಡಲು ಕಣ್ಣಿಗೆ ಬೀಳುವುದಿಲ್ಲ.

ನೀರಂಚನ್ನೇ ಹಿಡಿದು ಹೋಗುವ ದಾರಿ ಬೇರೆ ಇದೆ. ವನ್ನಳ್ಳಿ, ಕಡ್ಲೆ, ಗುಡೇಅಂಗಡಿ, ಬಾಡ, ಕಾಗಾಲ, ಅಘನಾಶಿನಿ. ಅಲ್ಲಿ ದೋಣಿ ಹತ್ತಿದರೆ ತದಡಿ. ಆಮೇಲೆ ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಮತ್ತು ಗೋಕರ್ಣ. ಎಲ್ಲ ಸೇರಿ 25 ಕಿಲೋಮೀಟರ್ ಆಸುಪಾಸು. ಬೆಳಕು ಹರಿಯುವಾಗ ಹೊರಟು, ಮಧ್ಯಾಹ್ನದ ಬಿಸಿಲಿನಲ್ಲಿ ಯಾವುದಾದರೂ ಗಾಳಿಮರದ ಬುಡದಲ್ಲಿ ಒರಗಿ, ಮತ್ತೆ ಎದ್ದು ನಡೆದರೆ ಹೊತ್ತು ಮುಳುಗುವುದರೊಳಗೆ ಗೋಕರ್ಣ ಮುಟ್ಟಬಹುದು. ಆತುರವಿಲ್ಲದವರು ಎರಡು ದಿನ ಮಾಡಿಕೊಳ್ಳಲಿ, ಅದೇ ಲೇಸು. ಉತ್ತರ ಕನ್ನಡದಲ್ಲಿ ನಡೆಯಲಿಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಆದರೆ ಈ ದಾರಿ ಸದಾ ಇರುವುದಿಲ್ಲ. ಭರತದ ಹೊತ್ತಿಗೆ ಹೋದರೆ ಅಲೆ ಬಂದು ಗಾಳಿಮರದ ಬೇರನ್ನೇ ತೊಳೆಯುತ್ತಿರುತ್ತದೆ, ಕಾಲಿಡಲು ಗಟ್ಟಿ ನೆಲ ಸಿಗುವುದಿಲ್ಲ. ಇಳಿತದ ಹೊತ್ತಿಗೆ ಅದೇ ಜಾಗದಲ್ಲಿ ಎತ್ತಿನಗಾಡಿ ಹೋಗುವಷ್ಟು ಅಗಲದ, ಒದ್ದೆಯಾದ, ಗಟ್ಟಿ ಮರಳಿನ ರಸ್ತೆ ಬಿದ್ದಿರುತ್ತದೆ. ಒಂದು ಭರತದಿಂದ ಇನ್ನೊಂದು ಭರತಕ್ಕೆ 12 ತಾಸು 25 ನಿಮಿಷ. ಹೀಗಾಗಿ ಇವತ್ತು ಬೆಳಿಗ್ಗೆ ಏಳಕ್ಕೆ ಪೂರಾ ಇಳಿದಿದ್ದ ನೀರು ನಾಳೆ ಏಳು ಐವತ್ತರ ಸುಮಾರಿಗೆ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಮೀನುಗಾರರ ಮನೆಯಲ್ಲಿ ಇದನ್ನು ಯಾರೂ ಪುಸ್ತಕ ನೋಡಿ ಕಲಿಯುವುದಿಲ್ಲ. ತಿಥಿ ಗೊತ್ತಿದ್ದರೆ ನೀರಿನ ಹೊತ್ತೂ ಗೊತ್ತು. ನಮ್ಮಂಥವರು ಹೊರಡುವ ಮುಂಚೆ ಅವರನ್ನು ಕೇಳಿಕೊಂಡರೆ ಸಾಕು.

ದಿನದ ಲೆಕ್ಕ ಹೀಗಾದರೆ ವರ್ಷದ ಲೆಕ್ಕ ಇನ್ನೊಂದು. ಜೂನ್ ಬಂತೆಂದರೆ ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಕಿತ್ತು ಕಡಲೊಳಕ್ಕೆ ಎಳೆದುಕೊಂಡು, ಸ್ವಲ್ಪ ದೂರದಲ್ಲಿ ನೀರಿನಡಿಯ ದಿಬ್ಬವಾಗಿ ಒಟ್ಟುತ್ತವೆ. ಆಗಸ್ಟಿನಲ್ಲಿ ದಂಡೆ ನೋಡಿದವರು ಇನ್ನು ಇದರ ಕತೆ ಮುಗಿಯಿತು ಅಂದುಕೊಳ್ಳಬೇಕು, ಹಾಗಿರುತ್ತದೆ. ಮಳೆ ನಿಂತು ಕಡಲು ಸೌಮ್ಯವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ದಿನವೂ ಚೂರುಚೂರೇ ಹೊತ್ತು ತಂದು ಮತ್ತೆ ದಂಡೆಗೆ ಹಾಕುತ್ತವೆ. ನವೆಂಬರಿನಿಂದ ಫೆಬ್ರವರಿಯ ತನಕ ನಾವು ನಡೆಯುವುದು ಹೀಗೆ ವಾಪಸು ಬಂದ ಮರಳಿನ ಮೇಲೆ. ಈ ದಾರಿಯನ್ನು ಕಡಲು ಪ್ರತಿ ವರ್ಷ ಬಿಚ್ಚುತ್ತದೆ, ಪ್ರತಿ ವರ್ಷ ಕಟ್ಟುತ್ತದೆ.

ನಡಿಗೆ ಶುರುವಾಗುವ ಕುಮಟೆಯ ಬಂದರನ್ನು ಈಗ ನೋಡಿದವರಿಗೆ ಅದರ ಹಿಂದಿನ ಭರಾಟೆ ಊಹಿಸುವುದು ಕಷ್ಟ. 1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾದಾಗ, ಧಾರವಾಡ ಸೀಮೆಯ ಹತ್ತಿ ಗಾಡಿಗಳ ಮೇಲೆ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು. ಕಪ್ಪು ಮಣ್ಣಿನಲ್ಲಿ ಬೆಳೆದ ಆ ಹತ್ತಿಗೆ ಹೊರದೇಶದ ಮಾರುಕಟ್ಟೆಯಲ್ಲಿ ಈ ಬಂದರಿನದೇ ಹೆಸರು, ಕುಮಟಾ ಹತ್ತಿ ಅಂತ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ವ್ಯಾಪಾರದ ಒತ್ತಾಯವಿತ್ತು. 1880ರ ದಶಕದಲ್ಲಿ ರೈಲು ಮುರ್ಮಗೋವಾ ಮುಟ್ಟಿದ ಮೇಲೆ ಹತ್ತಿ ಆ ಕಡೆ ಹರಿದುಹೋಯಿತು. ಕುಮಟೆಗೆ ಮೀನು ಉಳಿಯಿತು.

ಬಂದರು ಹಿಂದಾದ ಮೇಲೆ ಬರೀ ನಡಿಗೆ. ಕಡಲು ಎಡಕ್ಕೆ, ಊರು ಬಲಕ್ಕೆ. ಶೂ ಬಿಚ್ಚಿ ಕೈಯಲ್ಲಿ ಹಿಡಿದವರಿಗೆ ಮೊದಲ ಅರ್ಧ ತಾಸಿನಲ್ಲೇ ಮರಳಿನ ಜಾತಿ ತಿಳಿಯುತ್ತದೆ. ಮೇಲಿನ ಒಣ ಮರಳಿನಲ್ಲಿ ಪಾದ ಹೂತು, ಇಟ್ಟ ಹೆಜ್ಜೆಯ ಅರ್ಧ ಬಲ ಅಲ್ಲೇ ಇಂಗಿಹೋಗುತ್ತದೆ. ಬೆಲ್ಜಿಯಂ ವಿಜ್ಞಾನಿಗಳು 1998ರಲ್ಲಿ ಇದನ್ನು ಅಳೆದು, ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಶಕ್ತಿ ಬೇಕು ಎಂದು ತೋರಿಸಿದರು. ನಮ್ಮ ಮೀನು ಮಾರುವ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ನೀರಂಚಿಗೇ ಯಾಕೆ ನಡೆಯುತ್ತಾರೆ ಎಂಬುದಕ್ಕೆ ಬೇರೆ ಉತ್ತರ ಬೇಡ.

ನೀರಂಚಿನಲ್ಲಿ ಹೆಜ್ಜೆ ಊರುವಾಗ ಒಮ್ಮೆ ಪಾದದ ಸುತ್ತ ನೋಡಿ. ಮಿರಮಿರ ಹೊಳೆಯುತ್ತಿದ್ದ ಒದ್ದೆ ಮರಳು ಭಾರ ಬಿದ್ದ ಕೂಡಲೇ ಅಂಗೈಯಗಲ ಬಿಳಿಚಿಕೊಳ್ಳುತ್ತದೆ, ಕಾಲು ಎತ್ತಿದೊಡನೆ ಅಲ್ಲಿ ನೀರು ಜಿನುಗುತ್ತದೆ. ಒತ್ತಿದರೆ ನೀರು ಮೇಲೆ ಬರಬೇಕಲ್ಲ, ಇಂಗುವುದು ಹೇಗೆ? ಒತ್ತೊತ್ತಾಗಿ ಕೂತ ಕಾಳುಗಳು ಭಾರಕ್ಕೆ ಅಲ್ಲಾಡಿ ಒಂದರ ಮೇಲೊಂದು ಹತ್ತುತ್ತವೆ, ನಡುವಿನ ಸಂದು ಹಿಗ್ಗುತ್ತದೆ, ಮೇಲಿನ ನೀರು ಆ ಸಂದಿಗೆ ಇಳಿಯುತ್ತದೆ. 1885ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇದನ್ನು ವಿವರಿಸಿದ. ಇದನ್ನು ತಿಳಿದ ಮೇಲೆ ನಾನು ತುಂಬ ಹೊತ್ತು ತಲೆ ತಗ್ಗಿಸಿಕೊಂಡೇ ನಡೆದಿದ್ದೇನೆ. ಪ್ರತಿ ಹೆಜ್ಜೆಗೂ ಒಂದು ಬಿಳಿ ಬೆಳಕು ಹೊತ್ತಿ ಆರುವುದನ್ನು ನೋಡುವುದರಲ್ಲಿ ದಣಿವಿಲ್ಲ. ದಂಡೆ ಕಡಲಿನತ್ತ ಇಳಿಜಾರಾಗಿರುವುದರಿಂದ ಎಡಗಾಲು ಸದಾ ತಗ್ಗಿನಲ್ಲಿರುತ್ತದೆ, ಬಾಡ ಬರುವ ಹೊತ್ತಿಗೆ ಒಂದೇ ಕಡೆಯ ಕಣಕಾಲು ನೋಯತೊಡಗುತ್ತದೆ. ಆಗಾಗ ಮೇಲಕ್ಕೆ ಹತ್ತಿ, ಅಡುಂಬು ಬಳ್ಳಿಯ ನೇರಳೆ ಹೂಗಳ ನಡುವೆ ಸ್ವಲ್ಪ ಸಮತಟ್ಟಿನಲ್ಲಿ ನಡೆಯಬೇಕು. ರಾವಣನ ಮೀಸೆ ಹುಲ್ಲು ಇದ್ದಲ್ಲಿ ಬರಿಗಾಲು ಬೇಡ, ಮುಳ್ಳಿಗಿಂತ ಚೂಪು.

ಬೆಳಗಿನಲ್ಲಿ ದಂಡೆ ಜನರಿಲ್ಲದ ಜಾಗವಲ್ಲ. ಏಂಡಿ ಬಲೆ ಎಳೆಯುವವರು ಸಿಗುತ್ತಾರೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದು, ಎರಡು ತುದಿಯ ಹಗ್ಗವನ್ನು ಎರಡು ಗುಂಪಾಗಿ ದಂಡೆಯಿಂದ ಎಳೆಯುವುದು. ದೊಡ್ಡ ರಂಪಣಿ ಬಲೆಯ ಕಾಲದಲ್ಲಿ ಊರಿಗೆ ಊರೇ ಹಗ್ಗಕ್ಕೆ ಕೈ ಹಾಕುತ್ತಿತ್ತು, ಎಳೆದವರಿಗೆಲ್ಲ ಪಾಲು. ಎಪ್ಪತ್ತರ ದಶಕದ ಕೊನೆಗೆ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂಗಡೆ, ತಾರ್ಲೆಗಳ ಹಿಂಡನ್ನು ದಂಡೆಗೆ ಬರುವ ಮುಂಚೆಯೇ ಬಳಿದುಕೊಳ್ಳತೊಡಗಿದಾಗ ರಂಪಣಿ ಒಂದೊಂದಾಗಿ ಅಟ್ಟ ಸೇರಿತು. ಈಗಿನ ಸಣ್ಣ ಬಲೆಯಲ್ಲಿ ಬರುವುದು ಒಂದೆರಡು ಬುಟ್ಟಿ. ಆದರೂ ಹಗ್ಗ ಹಿಡಿದ ಮುದುಕರು, ಹುಡುಗರು ಒಂದೇ ಲಯದಲ್ಲಿ ಹಿಂದಕ್ಕೆ ಹೆಜ್ಜೆ ಹಾಕುವಾಗ, ಹಾದುಹೋಗುವವನಿಗೂ ಕೈ ಹಚ್ಚಬೇಕು ಅನ್ನಿಸುತ್ತದೆ. ಹಚ್ಚಿದರೆ ಯಾರೂ ಬೇಡ ಅನ್ನುವುದಿಲ್ಲ.

ನಮ್ಮ ಕರಾವಳಿಯಲ್ಲಿ ಮರಳು ಒಂದೇ ಉದ್ದಕ್ಕೆ ಸಾಗುವುದಿಲ್ಲ. ಚಿರೆಕಲ್ಲಿನ ಗುಡ್ಡಗಳು ಅಲ್ಲಲ್ಲಿ ಕಡಲಿಗೆ ಮೂತಿ ಚಾಚಿ ನಿಂತಿವೆ. ಇಳಿತವಿದ್ದರೆ ಬುಡದ ಬಂಡೆಗಳ ಮೇಲೇ ದಾಟಬಹುದು, ಇಲ್ಲವಾದರೆ ಗುಡ್ಡ ಹತ್ತಿ ಇಳಿಯಬೇಕು. ಅಂಥ ಒಂದು ಮೂಲೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕುಕ್ಕುರುಗಾಲಲ್ಲಿ ಕೂತು, ಮೊಂಡು ಕತ್ತಿಯಿಂದ ಬಂಡೆಗೆ ಕಚ್ಚಿದ ನೀಲಿಕಲ್ಲು ಚಿಪ್ಪುಗಳನ್ನು ಕೀಳುತ್ತಿದ್ದರು. ಅಲೆ ಬಂದಾಗ ಬೆನ್ನು ಕೊಡುವರು, ಹೋದಾಗ ಕತ್ತಿ ಹಾಕುವರು. ದಾಟಬಹುದೇ ಅಮ್ಮಾ ಎಂದು ಕೇಳಿದೆ. ನೀರನ್ನೊಮ್ಮೆ ನೋಡಿ, "ಈಗ ದಾಟೂಕೆ ಅಡ್ಡಿಲ್ಲ ತಮಾ. ಒಂದ್ ತಾಸು ಬಿಟ್ ಬಂದ್ರೆ ಗುಡ್ಡೆ ಮೇಲಿಂದ್ಲೇ ಹೋಗ್ಬೇಕು" ಎಂದರು. ಮತ್ತೆ, "ಹಸ್ರು ಪಾಚಿ ಮೇಲೆ ಕಾಲಿಡ್ಬೇಡ, ಕರೀ ಕಲ್ಲಿನ ಮೇಲೇ ಇಡು" ಎಂದು ಸೇರಿಸಿದರು. ಅವರು ಹೇಳಿದ ಹಾಗೆ ದಾಟಿದೆ. ಬಂಡೆಗಳ ಮೇಲೆ ನಡೆಯುವ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿದೆ.

ಈ ದಾರಿಯ ನಡುಮನೆ ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಕಡಲಿಗೆ ಬರುವ ಹೊಳೆ ಇದು. ಅಣೆಕಟ್ಟಿಲ್ಲದ್ದಕ್ಕೇ ಇದರ ಅಳಿವೆಗೆ ಘಟ್ಟದ ಮಣ್ಣು, ಸಿಹಿನೀರು ಹೊತ್ತುಹೊತ್ತಿಗೆ ಬಂದು ಸೇರುತ್ತದೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಇಳಿತದಲ್ಲಿ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಿಗಿಳಿದು ಕೆಸರಿನಲ್ಲಿ ತಡಕಿ ಬಳಚು ಎತ್ತುತ್ತಾರೆ. ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿದ ಪಾತ್ರೆ ಪಕ್ಕದಲ್ಲೇ ತೇಲುತ್ತಿರುತ್ತದೆ. ಹೊತ್ತಿನ ಊಟಕ್ಕೆ ಆದಷ್ಟು ಮನೆಗೆ, ಮಿಕ್ಕಿದ್ದು ಪೇಟೆಗೆ, ಚಿಪ್ಪು ಸುಣ್ಣಕ್ಕೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಗೌರವ ಬರುವುದಕ್ಕೆ ಬಹಳ ಮೊದಲೇ, ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರ ಬರಲಿದೆ ಎಂದಾಗ ಎದ್ದು ನಿಂತು ಬೇಡ ಎಂದವರು ಇದೇ ಬಳಚು ಎತ್ತುವ, ಗಜನಿ ಮಾಡುವ ಜನ.

ದಕ್ಷಿಣ ದಡದ ಅಘನಾಶಿನಿ ಊರಿನಿಂದ ಉತ್ತರದ ತದಡಿಗೆ ದೋಣಿ. ಮೀನಿನ ಬುಟ್ಟಿ, ಬೈಕು, ಶಾಲೆಯ ಚೀಲ, ಎಲ್ಲ ಒಟ್ಟಿಗೆ ದಾಟುತ್ತವೆ. ದೋಣಿಯಲ್ಲಿ ಕೂತಾಗ ಎಡಕ್ಕೆ ಅಳಿವೆಯ ಬಾಯಲ್ಲಿ ಕಡಲಿನ ಅಲೆ ಮುರಿಯುವುದೂ ಬಲಕ್ಕೆ ಹೊಳೆಯ ನೀರು ಅಲುಗದೆ ಹಾಸಿರುವುದೂ ಒಂದೇ ನೋಟಕ್ಕೆ ಸಿಗುತ್ತವೆ. ತದಡಿಯಲ್ಲಿ ಟ್ರಾಲರುಗಳು, ಮಂಜುಗಡ್ಡೆಯ ಲಾರಿ, ಮೀನಿನ ವಾಸನೆ. ಅದರಾಚೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು. ಇನ್ನೂ ಸ್ವಲ್ಪ ದೂರದಲ್ಲಿ ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ ಹನೇಹಳ್ಳಿ. ಚಿತ್ತಾಲರ ಕತೆಗಳಲ್ಲಿ ಮುಂಬಯಿಯಲ್ಲಿದ್ದೂ ಹನೇಹಳ್ಳಿಯನ್ನು ಬಿಡಲಾಗದವರು ಯಾಕೆ ಅಷ್ಟು ಮಂದಿ ಎಂದು ಓದುವಾಗ ಅನ್ನಿಸಿದ್ದುಂಟು. ಈ ಅಳಿವೆಯ ದಡದಲ್ಲಿ ಒಂದು ಸಂಜೆ ಕೂತವರಿಗೆ ಆ ಪ್ರಶ್ನೆ ಉಳಿಯುವುದಿಲ್ಲ.

ಬೇಲೆಕಾನಿನಿಂದ ಮುಂದಿನ ದಾರಿ ಗೋಕರ್ಣಕ್ಕೆ ಬಂದವರಿಗೆಲ್ಲ ಪರಿಚಿತ. ಗುಡ್ಡ ಹತ್ತಿದರೆ ಒಂದು ಪುಟ್ಟ ದಂಡೆ, ಇಳಿದು ಹತ್ತಿದರೆ ಇನ್ನೊಂದು. ನೋಟ ಚೆಂದ, ಜನವೂ ಹೆಚ್ಚು. ಇಲ್ಲಿ ಒಂದು ಮಾತು ಹೇಳಲೇಬೇಕು: ಈ ಕೊಲ್ಲಿಗಳಲ್ಲಿ ದಂಡೆಗೆ ಬಂದ ನೀರು ಒಂದು ಕಡೆ ಕೂಡಿ ರಭಸದಿಂದ ಒಳಕ್ಕೆ ಹೊರಳುತ್ತದೆ. ಅಂಥ ಜಾಗ ಮೇಲ್ನೋಟಕ್ಕೆ ಅಲೆಯಿಲ್ಲದೆ ಶಾಂತವಾಗಿ ಕಾಣುತ್ತದೆ. ಹಾಗೆ ಕಂಡಲ್ಲಿ ಇಳಿದು ಹೋದ ಮಕ್ಕಳ ಸುದ್ದಿಯನ್ನು ನಾವು ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ನಡೆಯಲು ಬಂದವರು ನಡೆಯಲಿ, ಈಜು ಬೇಡ.

ನನಗೆ ಹೆಚ್ಚು ಸಂಕಟವಾಗುವುದು ಬೇರೆ ಕಾರಣಕ್ಕೆ. ಮುನ್ನೂರು ಕಿಲೋಮೀಟರ್ ಮೀರಿದ ನಮ್ಮ ರಾಜ್ಯದ ಕರಾವಳಿಯಲ್ಲಿ ಹೀಗೆ ಇಡೀ ದಿನ ನಡೆಯಬಹುದಾದ ಜಾಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮಳೆಗಾಲದಲ್ಲಿ ಮರಳು ಹೋದದ್ದು ಕಂಡ ಕೂಡಲೇ ಲಾರಿಗಟ್ಟಲೆ ಬಂಡೆ ತಂದು ಸುರಿಯುತ್ತಾರೆ. ಬಂಡೆಗೆ ಬಡಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನೂ ಕೆರೆದೊಯ್ಯುತ್ತದೆ. ಚಳಿಗಾಲದಲ್ಲಿ ವಾಪಸು ಬರಬೇಕಾದ ಮರಳಿಗೆ ಕೂರಲು ಜಾಗವಿರುವುದಿಲ್ಲ. ಮನೆಗೇ ಅಲೆ ನುಗ್ಗುವಲ್ಲಿ ಗೋಡೆ ಬೇಕು, ಆ ಮನೆಯವರ ಕಷ್ಟ ದೊಡ್ಡದು, ಅದರ ಬಗ್ಗೆ ನನ್ನ ತಕರಾರಿಲ್ಲ. ಮನೆಯೇ ಇಲ್ಲದ ಕಡೆ, ಬರೀ ರಸ್ತೆಗೋ ರೆಸಾರ್ಟಿಗೋ ಕಡಲನ್ನು ಹಿಂದೆ ನೂಕುವುದು ತಪ್ಪು. ಕೆಲವೆಡೆ ಬೇಲಿ ಮರಳಿನ ಮೇಲೇ ಇಳಿದು ಬಂದಿದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ಭರತದ ಗೆರೆಗೂ ಇಳಿತದ ಗೆರೆಗೂ ನಡುವಿನ ನೆಲವನ್ನು ಮೊದಲ ದರ್ಜೆಯ ರಕ್ಷಣೆಗೆ ಸೇರಿಸಿತ್ತು. 1996ರ ಡಿಸೆಂಬರಿನಲ್ಲಿ ಕಮಲನಾಥ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಡಲತೀರ ಜನರೆಲ್ಲರದು, ಸರ್ಕಾರ ಅದರ ಟ್ರಸ್ಟಿ ಎಂದು ಸ್ಪಷ್ಟವಾಗಿ ಹೇಳಿದೆ.

ಪಂಚಾಯತಿಯವರಲ್ಲಿ, ಬಂದರು ಇಲಾಖೆಯವರಲ್ಲಿ, ದಂಡೆಯ ಪಕ್ಕ ಜಮೀನು ಕೊಂಡವರಲ್ಲಿ ನನ್ನ ಕೇಳಿಕೆ ಇಷ್ಟೇ. ಮರಳು ಹೋಗಿ ಬರಲು ಜಾಗ ಬಿಡಿ, ಗಾಳಿಮರದ ಸಾಲಿನಿಂದ ಈಚೆಗೆ ಏನನ್ನೂ ಕಟ್ಟಬೇಡಿ, ಮೀನಿನ ಬುಟ್ಟಿ ಹೊತ್ತವರು ದಾಟುವ ಕಡೆ ಬೇಲಿ ಹಾಕಬೇಡಿ. ಓದುಗರು ಈ ಚಳಿಗಾಲದಲ್ಲೇ ಒಮ್ಮೆ ನಡೆದು ಬನ್ನಿ. ನೀರಿನ ಹೊತ್ತು ಕೇಳಿಕೊಂಡು ಹೊರಡಿ, ತಿಂದದ್ದರ ಪೊಟ್ಟಣ ಚೀಲದಲ್ಲೇ ವಾಪಸು ತನ್ನಿ, ಮತ್ತು ಕತ್ತಲಾಗುವ ಮುಂಚೆ ಅಘನಾಶಿನಿಯ ದಡ ಮುಟ್ಟಿ. ದೋಣಿಯವರು ರಾತ್ರಿ ಕಾಯುವುದಿಲ್ಲ.