ಬಿಳಿ ಅನ್ನೋ ಪದದ ಹಿಂದಿನ ನಕ್ಷತ್ರ

ನಮ್ಮ ಮೆಸ್ಸಿನಲ್ಲಿ ವಾರಕ್ಕೊಮ್ಮೆ ಈ ಜಗಳ ಗ್ಯಾರಂಟಿ: ಕನ್ನಡ ತಮಿಳಿನಿಂದ ಹುಟ್ಟಿತೋ ಇಲ್ಲವೋ? ಕೂಗಾಡಿ ಗೆದ್ದವರನ್ನ ನಾನಂತೂ ನೋಡಿಲ್ಲ. ಅದಕ್ಕೇ ಒಂದೇ ಒಂದು ಗುಣವಾಚಕ ಹಿಡಿದು ನೋಡೋಣ: ಬಿಳಿ.

ತಮಿಳಿನಲ್ಲಿ ವೆಳ್ಳೈ, ಮಲಯಾಳದಲ್ಲಿ ವೆಳ್ಳ, ತುಳುವಿನಲ್ಲಿ ಬೊಳ್ದು. ಇಂಥವನ್ನೆಲ್ಲ ಅಕ್ಕಪಕ್ಕ ಇಟ್ಟು ಭಾಷಾವಿಜ್ಞಾನಿಗಳು ಮೂಲದ್ರಾವಿಡಕ್ಕೆ *ವೆಳ್ ಅನ್ನೋ ರೂಪ ಕಟ್ಟಿದ್ದಾರೆ. ಆ ನಕ್ಷತ್ರ ಯಾಕಂದ್ರ, ಇದು ಯಾವ ಶಾಸನದಲ್ಲೂ ಸಿಕ್ಕಿದ್ದಲ್ಲ, ಲೆಕ್ಕ ಹಾಕಿ ಪಡೆದದ್ದು. ಔಟ್‌ಪುಟ್ ನೋಡಿ ಇನ್‌ಪುಟ್ ಕಂಡುಹಿಡಿದಂಗ.

ನಿಯಮ ಒಂದು: ಪದದ ಮೊದಲಿನ ವ ಕನ್ನಡದಲ್ಲಿ ಬ ಆಗತದ. ತಮಿಳಿನ ವಾಯ್ ನಮ್ಮ ಬಾಯಿ, ವೇರ್ ನಮ್ಮ ಬೇರು. ಹಾಗೇ ವೆಳ್ ಬೆಳ್ ಆಯ್ತು. ಹಳಗನ್ನಡದಲ್ಲಿ ಬಿಳಿ ಕೊಡೆಗೆ ಬೆಳ್ಗೊಡೆ ಅನ್ನುತ್ತಿದ್ದರು. ನಿಯಮ ಎರಡು: ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ ಎ ಹೋಗಿ ಇ ಬರತದ. ತಮಿಳಿನ ಎಲಿ ನಮ್ಮ ಇಲಿ. ಬೆಳಿ ಹೋಗಿ ಬಿಳಿ. ಬೆಳ್ಳಿಯಲ್ಲಿ ನಡುವೆ ಒತ್ತಕ್ಷರ ಇರೋದರಿಂದ ಎ ಉಳೀತು. ಬೆಳಗು, ಬೆಳಕು, ಬೆಳದಿಂಗಳು ಎಲ್ಲಾ ಇದೇ ಮನೆಯವು.

ಯುರೋಪಿನಲ್ಲೂ ಹಿಂಗೇ. ಮೂಲಕೆಲ್ಟಿಕ್‌ನಲ್ಲಿ ಬಿಳಿ ಅಂದರೆ *ವಿಂಡೊಸ್. ಆ ವ ವೆಲ್ಶ್‌ನಲ್ಲಿ ಗ್ವ ಆಗಿ ಗ್ವಿನ್ ಬಂತು, ಹಳೆಯ ಐರಿಶ್‌ನಲ್ಲಿ ಫ ಆಗಿ ಫಿಂಡ್ ಬಂತು. ಜೆನ್ನಿಫರ್ ಅನ್ನೋ ಹೆಸರಿನ ಮೂಲದಲ್ಲೂ ಇದೇ ಬಿಳಿ ಐತಿ.

ಈಗ ಜಗಳಕ್ಕೆ ಬರೋಣ. ವೆಳ್‌ನ ವ ತಮಿಳು ಉಳಿಸಿಕೊಂಡಿತು, ನಾವು ಬದಲಿಸಿದೆವು. ಹಂಗಂತ ತಮಿಳೇ ತಾಯಿ ಅನ್ನೋ ಹಾಗಿಲ್ಲ. ಕಿವಿಯ ಮೂಲದಲ್ಲಿದ್ದ ಕ ನಾವು ಉಳಿಸಿಕೊಂಡೆವು, ತಮಿಳು ಅದನ್ನ ಚೆವಿ ಮಾಡಿತು. ಮನೆತನದ ಆಸ್ತಿ ಸ್ವಲ್ಪ ಅವರ ಹತ್ರ, ಸ್ವಲ್ಪ ನಮ್ಮ ಹತ್ರ. ಇದು ತಾಯಿ-ಮಗಳ ಲೆಕ್ಕ ಅಲ್ಲ, ಅಕ್ಕ-ತಂಗಿಯರ ಲೆಕ್ಕ.

ಒಂದು ಎಚ್ಚರಿಕೆ. ನಮ್ಮೂರು ಮುಧೋಳ ತಾಲೂಕಿನ ರನ್ನ ಬೆಳಗಲಿ, ಹತ್ತನೇ ಶತಮಾನದ ಕವಿ ರನ್ನನ ಊರು. ಹೆಸರಿನಲ್ಲೇ ಬೆಳಗು ಐತಿ ಅಂತ ಜಂಬ ಪಡೋ ಆಸೆ ನನಗೂ ಇದೆ. ಆದರೆ ತಮಿಳಿನ ವಿಳೈ ನಮ್ಮಲ್ಲಿ ಬೆಳೆ ಆಗಿದೆ. ಹೊಲದ ಬೆಳೆಗೂ ಬೆಳಕಿಗೂ ನೆಂಟಸ್ತನ ಇಲ್ಲ. ಬೆಳಗಾವಿಯಲ್ಲೂ ಬೆಳಗು ಕೇಳಸತದ, ಶಾಸನಗಳಲ್ಲಿ ಮಾತ್ರ ಅದು ವೇಣುಗ್ರಾಮ, ಅಂದರೆ ಬಿದಿರಿನ ಊರು. ಕಿವಿಗೆ ಒಂದೇ ಥರ ಕೇಳಿಸಿದರೆ ಸಾಲದು, ನಿಯಮ ಕೂಡಬೇಕು, ಹಳೆಯ ಬರಹ ಸಾಕ್ಷಿ ಹೇಳಬೇಕು. ಊರಿನ ಮೇಲಿನ ಪ್ರೀತಿಗೂ ಭಾಷೆಯ ಮೇಲಿನ ಪ್ರೀತಿಗೂ ಇದರಲ್ಲಿ ರಿಯಾಯ್ತಿ ಇಲ್ಲ.