ಒಂದು ಫ್ರೆಂಚ್ ಗಡಿಯಾರದ ದೇಹಸ್ಥಿತಿ

ನಮ್ಮ ಕೂಟದ ಕಾರ್ಯಕ್ರಮ ನಾಲ್ಕು ಗಂಟೆಗೆ ಎಂದು ಸುತ್ತೋಲೆಯಲ್ಲಿದ್ದರೆ ಅದು ಐದಕ್ಕೆ ಶುರುವಾಗುತ್ತದೆ ಎಂಬುದು ಸದಸ್ಯರಿಗೆಲ್ಲ ತಿಳಿದ ಸಂಗತಿ. ಇಂಥ ನಮಗೆ ಗಡಿಯಾರದ ಮೇಲೊಂದು ಲೇಖನ ಯಾಕೆ ಎಂದು ಯಾರಾದರೂ ಕೇಳಿಯಾರು. ಆದರೆ ನಾನು ಬರೆಯಹೊರಟಿರುವುದು ಹೊತ್ತು ತೋರಿಸುವ ಗಡಿಯಾರದ ವಿಷಯವಲ್ಲ. ಹೊತ್ತು ತೋರಿಸುವುದನ್ನು ಬಿಟ್ಟು ಹದಿನಾಲ್ಕು ವರ್ಷ ಸುಮ್ಮನೆ ಕುಳಿತಿದ್ದ ಒಂದು ಗಡಿಯಾರದ ವಿಷಯ.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತೆಂಟು ವರ್ಷದ ಇಂಗ್ಲಿಷ್ ಅಜ್ಜಿಯೊಬ್ಬರಿದ್ದರು. ಹೋದ ವರ್ಷ ಅವರು ಕೇರ್ ಹೋಮಿಗೆ ಹೋಗುವುದೆಂದು ತೀರ್ಮಾನವಾಯಿತು. ಇಡೀ ಮನೆಯ ಸಾಮಾನಿನಲ್ಲಿ ಅವರು ಜೊತೆಗೆ ಒಯ್ಯಬಹುದಾದದ್ದು ಒಂದು ಕುರ್ಚಿ, ಒಂದು ಪುಟ್ಟ ಕಪಾಟು, ಕೆಲವು ಫೋಟೋ. ಅದರ ಜೊತೆಗೆ ಅವರಿಗೆ ಬೇಕೆನಿಸಿದ್ದು ಗಂಡನ ಅಜ್ಜನ ಕಾಲದಿಂದ ಬಂದ ಒಂದು ಫ್ರೆಂಚ್ ಕ್ಯಾರೇಜ್ ಗಡಿಯಾರ. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಪೇಟೆಯ ಅಂಗಡಿಯೊಂದರಲ್ಲಿ, "ಒಳಗಿನ ಮುಖ್ಯಭಾಗ ತೆಗೆದು ಹೊಸದು ಹಾಕುತ್ತೇವೆ, ಕೇಸನ್ನು ತಿಕ್ಕಿ ಥಳಥಳ ಮಾಡುತ್ತೇವೆ. ಬೇಡವೆಂದರೆ ಹೀಗೇ ಕೊಟ್ಟುಬಿಡಿ, ಅರವತ್ತು ಪೌಂಡು ಕೊಡುತ್ತೇವೆ" ಎಂದಿದ್ದರಂತೆ. "ನೀನು ಕೆಮಿಸ್ಟ್ ಅಲ್ಲವೇ, ಇದನ್ನು ನೋಡಿ ಏನಾದರೂ ಹೇಳು" ಎಂದರು. ಈ ದೇಶದಲ್ಲಿ ಕೆಮಿಸ್ಟ್ ಎಂದರೆ ಔಷಧಿ ಅಂಗಡಿಯವರು, ನನ್ನ ಪಿಎಚ್‌.ಡಿ. ಕೇಳಿದವರು ಕೆಮ್ಮಿಗೆ ಯಾವ ಸಿರಪ್ಪು ಒಳ್ಳೆಯದೆಂದು ಕೇಳಿದ್ದುಂಟು. ಗಡಿಯಾರ ತಂದವರು ಇವರೊಬ್ಬರೇ.

ಈ ಗಡಿಯಾರದ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು. ಲೋಲಕದ ಗಡಿಯಾರ ಗೋಡೆಗೆ ಸರಿ, ಪ್ರಯಾಣಕ್ಕೆ ಆಗದು. ಕುದುರೆಗಾಡಿಯ ಕುಲುಕಾಟದಲ್ಲೂ ನಡೆಯುವಂತೆ, ಲೋಲಕದ ಬದಲು ಕೈಗಡಿಯಾರದ ಹಾಗೆ ಬ್ಯಾಲೆನ್ಸ್ ಚಕ್ರವಿಟ್ಟು, ಮೇಲೊಂದು ಹಿಡಿಯಿಟ್ಟು, ನಾಲ್ಕು ಕಡೆ ಗಾಜು ಹಾಕಿ ಮಾಡಿದ್ದು ಕ್ಯಾರೇಜ್ ಗಡಿಯಾರ. ಪ್ಯಾರಿಸ್ಸಿನ ಹೆಸರಾಂತ ಕುಶಲಕರ್ಮಿ ಬ್ರೆಗೆ ಇಂಥದೊಂದನ್ನು 1798ರಲ್ಲಿ, ಈಜಿಪ್ಟಿನ ದಂಡಯಾತ್ರೆಗೆ ಹೊರಟ ನೆಪೋಲಿಯನ್ನನಿಗೆ ಮಾರಿದ್ದ. ಅದು ದೊರೆಗಳ ಸೊತ್ತು. 1830ರ ಸುಮಾರಿಗೆ ಪಾಲ್ ಗಾರ್ನಿಯೆ ಎಂಬಾತ ಸರಳ ರೂಪದಲ್ಲಿ ಇದನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ಮಧ್ಯಮವರ್ಗದ ಮನೆಗಳಿಗೂ ಬಂತು. ನಾರ್ಮಂಡಿಯಲ್ಲಿ ದಿಯೆಪ್ ಬಂದರಿನ ಹತ್ತಿರ ಸ್ಯಾಂ ನಿಕೊಲಾ ದಾಲಿಯೆರ್ಮೊ ಎಂಬ ಊರಿದೆ. ಅಲ್ಲಿ ಒರಟಾಗಿ ತಯಾರಾದ ಯಂತ್ರಗಳು ಪ್ಯಾರಿಸ್ಸಿಗೆ ಹೋಗಿ ನಯಗೊಳ್ಳುತ್ತಿದ್ದವು. ಹೆಚ್ಚಿನ ಗಿರಾಕಿಗಳು ಇಂಗ್ಲಿಷಿನವರು. ತಮಾಷೆಯೆಂದರೆ ಗಾಡಿ ಗಡಿಯಾರ ಅಗ್ಗವಾಗುವ ಹೊತ್ತಿಗೆ ಕುದುರೆಗಾಡಿ ಹೋಗಿ ರೈಲು ಬಂದಿತ್ತು. ಪ್ರಯಾಣಕ್ಕೆಂದು ಹುಟ್ಟಿದ್ದು ಬೆಂಕಿಗೂಡಿನ ಮೇಲಿನ ಅಟ್ಟಣೆಯಲ್ಲಿ ಸಂಸಾರ ಹೂಡಿತು.

ಅಜ್ಜಿಯ ಗಡಿಯಾರ ಬಂದ ಮೂರನೆಯ ವಾರಕ್ಕೆ ನನ್ನ ಅಪ್ಪ ಅಮ್ಮ ಊರಿನಿಂದ ಬರುವವರಿದ್ದರು. ಅಪ್ಪ ತುಮಕೂರಿನ ಎಚ್‌.ಎಂ.ಟಿ. ವಾಚ್ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಅಸೆಂಬ್ಲಿ ವಿಭಾಗದಲ್ಲಿದ್ದು ಸ್ವಯಂ ನಿವೃತ್ತಿ ಪಡೆದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌.ಎಂ.ಟಿ. ಕೈಗಡಿಯಾರದ ಉದ್ಯಮ 2016ರಲ್ಲಿ ಮುಚ್ಚುವ ತೀರ್ಮಾನವಾದಾಗ ಅಪ್ಪ ಆ ದಿನದ ಪೇಪರನ್ನು ಓದಿ, ಮಡಿಸಿಟ್ಟು, ಏನೂ ಮಾತಾಡದೆ ತರಕಾರಿ ತರಲು ಹೋಗಿದ್ದರು ಎಂದು ಅಮ್ಮ ಹೇಳುತ್ತಾಳೆ. ಫೋನಿನಲ್ಲಿ ನಾನು ಗಡಿಯಾರದ ಸುದ್ದಿ ಹೇಳಿದ್ದೇ ತಡ, ಚಟ್ನಿಪುಡಿ ಹಪ್ಪಳದ ನಡುವೆ ಹಳೆಯ ಸ್ಕ್ರೂಡ್ರೈವರುಗಳ ಕಟ್ಟೂ ಕಣ್ಣಿಗೆ ಸಿಕ್ಕಿಸುವ ಐ ಗ್ಲಾಸೂ ಸೂಟ್‌ಕೇಸು ಸೇರಿದವು. ಇಲ್ಲಿಗೆ ಬಂದಾಗಲೆಲ್ಲ ಕಿಟಕಿಯ ಬಳಿ ಕುಳಿತು ಮಳೆ ಎಣಿಸುತ್ತಿದ್ದ ಅಪ್ಪ, ಈ ಸಲ ಬಂದ ಮರುದಿನವೇ ಊಟದ ಮೇಜಿಗೆ ಬಿಳಿಯ ಬಟ್ಟೆ ಹಾಸಿದರು.

ಮೊದಲ ದಿನ ಅವರು ಏನನ್ನೂ ಬಿಚ್ಚಲಿಲ್ಲ, ಬರೀ ನೋಡಿದರು. ನಾನು ಪಕ್ಕದಲ್ಲಿ ಕುಳಿತು ಬರೆದುಕೊಂಡೆ. ಡಯಲು ಬಿಳಿಯ ಎನಾಮಲ್ಲಿನದು, ಏಳರ ಅಂಕಿಯಿಂದ ನಡುವಿನವರೆಗೆ ಕೂದಲೆಳೆಯ ಬಿರುಕು. ಎಡಗಡೆಯ ಗಾಜಿನ ಮೂಲೆಯಲ್ಲಿ ಸಣ್ಣ ಚಕ್ಕೆ ಎದ್ದಿದೆ. ಹಿಡಿಯ ಮೇಲೆ ಚಿನ್ನದ ಲೇಪ ಸವೆದು ಹಿತ್ತಾಳೆ ಕಾಣುತ್ತಿದೆ. ಮೇಲಿನ ಗಾಜಿನೊಳಗೆ ಕಾಣುವ ಬ್ಯಾಲೆನ್ಸಿನ ಪಕ್ಕ ಇಂಗ್ಲಿಷಿನ ಎಸ್ ಮತ್ತು ಎಫ್ ಅಕ್ಷರಗಳಿವೆ. ಫ್ರಾನ್ಸಿನಲ್ಲೇ ಮಾರುವ ಗಡಿಯಾರದಲ್ಲಿ ಅಲ್ಲಿ ಎ ಮತ್ತು ಆರ್ ಇರುತ್ತದೆ; ನಿಧಾನ, ವೇಗ ಎಂಬ ಮಾತುಗಳ ಇಂಗ್ಲಿಷ್ ಮೊದಲಕ್ಷರ ಇದ್ದರೆ ಅದು ಇಂಗ್ಲಿಷ್ ಗಿರಾಕಿಗೆಂದೇ ಹೊರಟದ್ದು. ಹಿಂದಿನ ತಗಡಿನಲ್ಲಿ ಫ್ರಾನ್ಸಿನಲ್ಲಿ ತಯಾರಾದದ್ದೆಂಬ ಮುದ್ರೆಯಿತ್ತು. ಪರದೇಶದ ಮಾಲು ಇಂಗ್ಲೆಂಡಿನದೆಂಬಂತೆ ತೋರಿಸಿಕೊಳ್ಳಬಾರದೆಂದು ಬ್ರಿಟನ್ನು 1887ರಲ್ಲಿ ಕಾನೂನು ಮಾಡಿತು. ಅಂಥ ಮುದ್ರೆ ಸಾಮಾನ್ಯವಾಗಿ ಅಲ್ಲಿಂದೀಚೆಗಿನ ಗುರುತು.

ಎರಡನೆಯ ದಿನ ಅಪ್ಪ ಹೇಳಿದ ಮೊದಲ ಪಾಠ: "ಮೊದಲು ಸ್ಪ್ರಿಂಗಿನ ಬಲ ಇಳಿಸ್ಬೇಕು ಕಣಮ್ಮ. ಬಲ ಇದ್ದಾಗ ಮೇಲಿನ ಪ್ಲಾಟ್‌ಫಾರಂ ಬಿಚ್ಚಿದ್ರೆ ಚಕ್ರಗಳು ಹುಚ್ಚು ಕುದುರೆ ಥರ ಓಡಿ ಹಲ್ಲು ಮುರ್ಕೊಳ್ತವೆ." ಕೀಲಿಯನ್ನು ಬಿಗಿಯಾಗಿ ಹಿಡಿದು, ಕೊಕ್ಕೆಯನ್ನು ಸರಿಸಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಗಡಿಯಾರ ನಿಂತಿದ್ದರೂ ಹದಿನಾಲ್ಕು ವರ್ಷದ ಹಿಂದೆ ಯಾರೋ ಕೊಟ್ಟ ಕೀ ಒಳಗೇ ಉಳಿದಿತ್ತು. ಬಿಚ್ಚಿದ ಮೇಲೆ ಒಳಗಿನ ಸ್ಪ್ರಿಂಗಿನ ಮೇಲೆ ಸೂಜಿಮೊನೆಯಲ್ಲಿ ಗೀಚಿದ ಎರಡು ಇಸವಿ ಕಂಡವು: 1911, 1936. ಹಿಂದೆ ರಿಪೇರಿ ಮಾಡಿದವರು ಬಿಟ್ಟುಹೋದ ಸಹಿ. ಅಪ್ಪ ಅದನ್ನು ಬಹಳ ಹೊತ್ತು ಐ ಗ್ಲಾಸಿನಲ್ಲಿ ನೋಡಿದರು. ಅವರು ಜೋಡಿಸಿದ ಸಾವಿರಾರು ಕೈಗಡಿಯಾರಗಳಲ್ಲಿ ಒಂದರೊಳಗೂ ಅವರ ಗುರುತಿಲ್ಲ.

ರೋಗ ಏನೆಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಚಕ್ರದ ತುದಿಗಳು ತಿರುಗುವ ತೂತುಗಳ ಸುತ್ತ ಹಸಿರು ಅಂಟು. ಇಲ್ಲಿಂದ ನನ್ನ ಶಾಸ್ತ್ರ. ಹಿಂದಿನ ಕಾಲದಲ್ಲಿ ಗಡಿಯಾರಕ್ಕೆ ಪ್ರಾಣಿಜನ್ಯ ಎಣ್ಣೆ ಹಾಕುತ್ತಿದ್ದರು. ಕಡಲಹಂದಿಯ ದವಡೆಯಿಂದ ತೆಗೆದ ಎಣ್ಣೆಗೆ ಬಹಳ ಬೆಲೆಯಿತ್ತು. ಅಂಥ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಕ್ರಮೇಣ ಹುಳಿಯಾಗುತ್ತದೆ. ಆ ಹುಳಿ ಹಿತ್ತಾಳೆಯಲ್ಲಿರುವ ತಾಮ್ರದೊಡನೆ ಸೇರಿದರೆ ಹಸಿರು ಬಣ್ಣದ ಒಂದು ಬಗೆಯ ಸಾಬೂನೇ ಆಗಿಬಿಡುತ್ತದೆ. ಜಾರಿಸಬೇಕಾದದ್ದು ಹಿಡಿದುಕೊಳ್ಳತೊಡಗುತ್ತದೆ. "ಎಣ್ಣೆ ಒಣಗಿದೆ ಅಷ್ಟೆ, ಯಂತ್ರ ಸತ್ತಿಲ್ಲ," ಎಂದರು ಅಪ್ಪ.

ತೊಳೆಯುವ ವಿಷಯದಲ್ಲಿ ನಮ್ಮಿಬ್ಬರಿಗೂ ಸಣ್ಣ ವಾದವಾಯಿತು. ಅಮೋನಿಯಾ ಬೆರೆತ ಸಾಬೂನು ನೀರಿನಲ್ಲಿ ನೆನೆಹಾಕುವುದು ಈ ಕಸುಬಿನ ಹಳೆಯ ಪದ್ಧತಿ, ಹಿತ್ತಾಳೆ ಫಳಫಳ ಹೊಳೆಯುತ್ತದೆ. ನಾನು ಬೇಡವೆಂದೆ. ಕಾರಣ ನಮ್ಮ ದೇಶದ್ದೇ ಒಂದು ಕಥೆ. ಬ್ರಿಟಿಷರ ಕಾಲದಲ್ಲಿ ಭಾರತದ ದಂಡುಗಳಲ್ಲಿ ಕುದುರೆ ಲಾಯದ ಹತ್ತಿರ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕುಬಿಡುತ್ತಿದ್ದವು. ಮಳೆಗಾಲಕ್ಕೇ ಬರುವುದರಿಂದ ಋತುಬಿರುಕು ಎಂಬರ್ಥದ ಹೆಸರೇ ಇಂಗ್ಲಿಷಿನಲ್ಲಿ ಅದಕ್ಕೆ ಬಿತ್ತು. 1921ರಲ್ಲಿ ಕಾರಣ ವಿವರವಾಗಿ ಗೊತ್ತಾಯಿತು: ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಲೋಹದೊಳಗೆ ತಯಾರಿಕೆಯ ಕಾಲದಿಂದ ಉಳಿದ ಬಿಗಿತ, ಈ ಮೂರೂ ಕೂಡಿದರೆ ಹಿತ್ತಾಳೆ ಸೀಳುತ್ತದೆ. ನೂರು ವರ್ಷ ದಾಟಿದ ಚಕ್ರಗಳ ಮೇಲೆ ಆ ಪರೀಕ್ಷೆ ನಡೆಸುವ ಮನಸ್ಸು ನನಗಿರಲಿಲ್ಲ. ಅಪ್ಪ ಕಥೆ ಪೂರ್ತಿ ಕೇಳಿ, "ಸರಿ, ನಿನ್ನ ಓದಿಗೂ ಒಂದು ಉಪಯೋಗ ಆಯ್ತು" ಎಂದರು. ವೈಟ್ ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದು ತೂತನ್ನೂ ಚೂಪು ಮಾಡಿದ ಮರದ ಕಡ್ಡಿಯಿಂದ ತಿರುವಿ ತಿರುವಿ ಶುಚಿ ಮಾಡಿದೆವು. ಕಡ್ಡಿಯ ತುದಿ ಬೆಳ್ಳಗೆ ಬರುವತನಕ ಬಿಡಬಾರದೆಂಬುದು ಎರಡನೆಯ ಪಾಠ.

ಇಷ್ಟರಲ್ಲಿ ಅಮ್ಮ ಕೇಸನ್ನು ನೋಡಿ, "ಇದಕ್ಕೇನು, ಒಂದು ಹಿಡಿ ಹುಣಸೆಹಣ್ಣು ಸಾಕು" ಎಂದು ಅಡಿಗೆಮನೆಗೆ ಹೊರಟಿದ್ದಳು. ನಾನೂ ಅಪ್ಪನೂ ಒಟ್ಟಿಗೇ ಕೂಗಿಕೊಂಡೆವು. ದೇವರ ಮನೆಯ ಬರೀ ಹಿತ್ತಾಳೆಗೆ ಹುಣಸೆಯ ಹುಳಿ ಸರಿ, ಕಿಲುಬನ್ನು ಕರಗಿಸುತ್ತದೆ. ಆದರೆ ಇದರ ಮೇಲಿರುವ ಚಿನ್ನದ ಲೇಪ ಬಹಳ ತೆಳು. ಪಾಲಿಷ್ ಪುಡಿಯಿಂದ ನಾಲ್ಕು ಸಲ ತಿಕ್ಕಿದರೆ ಆ ಚಿನ್ನ ಬಟ್ಟೆಗೆ ಬಂದುಬಿಡುತ್ತದೆ. ಹಿಂದಿನ ಕಾಲದಲ್ಲಿ ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಹಚ್ಚಿ, ಪಾದರಸವನ್ನು ಬೆಂಕಿಯಲ್ಲಿ ಹಾರಿಸುತ್ತಿದ್ದರು. ಆ ಹೊಗೆ ಕುಡಿದು ಕೆಲಸಗಾರರು ಸಾಯುತ್ತಿದ್ದರು. 1840ರಿಂದೀಚೆಗೆ ವಿದ್ಯುತ್ತಿನಿಂದ ಲೇಪಿಸುವ ಕ್ರಮ ಬಂತು. ಒಣ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು ಕೇಸನ್ನು ಹಾಗೇ ಬಿಟ್ಟೆವು. ಹಿಡಿಯ ಮೇಲೆ ಸವೆದದ್ದು ನಾಲ್ಕು ತಲೆಮಾರು ಕೈಯಲ್ಲಿ ಎತ್ತಿ ಸವೆಸಿದ್ದು. ಅದನ್ನು ಕೆಟ್ಟದ್ದರ ಲೆಕ್ಕಕ್ಕೆ ಸೇರಿಸುವುದು ಹೇಗೆ?

ಉಳಿದದ್ದು ಅಂಗಡಿಯವರು ಕಿತ್ತುಹಾಕಬೇಕೆಂದಿದ್ದ ಪ್ಲಾಟ್‌ಫಾರಂ. ನಾಲ್ಕು ಸ್ಕ್ರೂಗಳಿಂದ ಕೂತಿರುವ ಸಣ್ಣ ತಗಡು; ಅದರ ಮೇಲೆ ಬ್ಯಾಲೆನ್ಸು, ಕೂದಲಿನಂಥ ಸ್ಪ್ರಿಂಗು, ಪುಟಾಣಿ ಕಲ್ಲುಗಳು. ಗಡಿಯಾರದ ಉಸಿರಾಟವೆಲ್ಲ ಅಲ್ಲಿ. ಹೊಸದು ಹಾಕಿದರೆ ಕೆಲಸ ಸುಲಭ, ಹೊತ್ತೂ ಸರಿಯಾಗಿ ತೋರಿಸೀತು. ನಾನು ಅಪ್ಪನನ್ನು ನೇರವಾಗಿ ಕೇಳಿದೆ. ಅವರೆಂದರು: "ಫ್ಯಾಕ್ಟರೀಲಿ ನಾವೂ ಹಾಗೇ ಮಾಡ್ತಿದ್ವಿ. ಭಾಗ ಸರಿ ಇಲ್ಲ ಅಂದ್ರೆ ಎಸೆದು ಇನ್ನೊಂದು ಹಾಕೋದು. ಅಲ್ಲಿ ಡಬ್ಬಿಗಟ್ಟಲೆ ಇರೋವು. ಇದಕ್ಕೆ ಇರೋದು ಇದೊಂದೇ ಅಲ್ವೇನಮ್ಮ."

ಅಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ಸಂಜೆಯ ಹೊತ್ತು ಕೈ ಸ್ವಲ್ಪ ನಡುಗುತ್ತದೆ. ಆದ್ದರಿಂದ ಬೆಳಿಗ್ಗೆ ಕಾಫಿಯಾದ ಮೇಲೆ ಒಂದೇ ಒಂದು ಗಂಟೆ, ಕಿಟಕಿಯ ಬೆಳಕಿನಲ್ಲಿ, ಉಸಿರು ಬಿಗಿಹಿಡಿದು ಆ ಕೆಲಸ ಮಾಡುತ್ತಿದ್ದರು. ಕೂದಲ ಸ್ಪ್ರಿಂಗಿನ ಸುರುಳಿಗಳು ಎಣ್ಣೆಯಿಂದ ಒಂದಕ್ಕೊಂದು ಅಂಟಿದ್ದವು, ತೊಳೆದರೆ ಬಿಟ್ಟುಕೊಂಡವು. ಕಲ್ಲು ಒಂದೂ ಒಡೆದಿರಲಿಲ್ಲ. ಒಂಬತ್ತನೆಯ ದಿನ, ಇಂದಿನ ಕೃತಕ ಎಣ್ಣೆಯನ್ನು ಸೂಜಿಮೊನೆಯಷ್ಟು ಬಿಟ್ಟು, ಕೀ ಕೊಟ್ಟು, ಗಡಿಯಾರವನ್ನು ಮೆಲ್ಲಗೆ ಒಮ್ಮೆ ತಿರುಗಿಸಿದರು. ಬ್ಯಾಲೆನ್ಸು ಆಡಿತು. ಅಪ್ಪ ತಮ್ಮ ಮಣಿಕಟ್ಟಿನ ಎಚ್‌.ಎಂ.ಟಿ. ಜನತಾವನ್ನು ಒಂದು ಕಿವಿಗೂ ಇದನ್ನು ಇನ್ನೊಂದು ಕಿವಿಗೂ ಹಿಡಿದು ಕೇಳಿದರು. "ಗಂಟೆಗೆ ಹದಿನೆಂಟು ಸಾವಿರ. ಎರಡೂ ಒಂದೇ ನಡಿಗೆ" ಎಂದು ನಕ್ಕರು. ಸೆಕೆಂಡಿಗೆ ಐದು ಟಿಕ್ಕು. ನಾರ್ಮಂಡಿಯ ಹಳ್ಳಿಯದಕ್ಕೂ ನಮ್ಮೂರಿನದಕ್ಕೂ ಲೆಕ್ಕ ಒಂದೇ.

ಅಜ್ಜಿಗೆ ಈ ಗಡಿಯಾರವೇ ಯಾಕೆ ಬೇಕಾಗಿತ್ತೆಂಬುದು ನಮಗೆ ತಿಳಿದದ್ದು ಅದನ್ನು ಹಿಂದಿರುಗಿಸಲು ಕೇರ್ ಹೋಮಿಗೆ ಹೋದ ದಿನ. ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ರಾತ್ರಿ ಎಚ್ಚರವಾದರೆ ಗಂಟೆಯೆಷ್ಟೆಂದು ತಿಳಿಯದೆ ಬೆಲ್ಲು ಒತ್ತಿ ನರ್ಸನ್ನು ಕರೆಯಬೇಕು, ಅದು ಅವರಿಗೆ ಬೇಡ. ಈ ಗಡಿಯಾರದ ನೆತ್ತಿಯ ಮೇಲೊಂದು ಗುಂಡಿಯಿದೆ, ಒತ್ತಿದರೆ ಕಳೆದ ಗಂಟೆಯನ್ನು ಮತ್ತೆ ಬಾರಿಸುತ್ತದೆ. ದೀಪ ಹಚ್ಚುವುದೇ ಕಷ್ಟವಾಗಿದ್ದ ಕಾಲದಲ್ಲಿ ಕತ್ತಲಲ್ಲಿ ಹೊತ್ತು ತಿಳಿಯಲೆಂದೇ ಮಾಡಿದ ಏರ್ಪಾಡು. ಅಪ್ಪ ಅವರ ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟರು. ಐದು ಸಲ ಬಾರಿಸಿತು. ಅವರಿಗೆ ಕನ್ನಡ ಬಾರದು, ಅಪ್ಪನಿಗೆ ಆ ಊರಿನ ಇಂಗ್ಲಿಷ್ ಅರ್ಥವಾಗದು. ಅರ್ಧ ಗಂಟೆ ಇಬ್ಬರೂ ಚೆನ್ನಾಗಿಯೇ ಮಾತಾಡಿದರು.

ಗಡಿಯಾರ ವಾರಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಎಂಟು ದಿನ ನಡೆಯಬೇಕಾದದ್ದು ಹಳೆಯ ಸ್ಪ್ರಿಂಗಿನಲ್ಲಿ ಏಳು ದಿನ ನಡೆಯುತ್ತದೆ. ಬಿರುಕು ಬಿರುಕಾಗಿಯೇ ಇದೆ. ಭಾನುವಾರ ಭಾನುವಾರ ನಾನು ಹೋಗಿ ಕೀ ಕೊಟ್ಟು ಬರುತ್ತೇನೆ. ಸ್ಪ್ರಿಂಗಿನ ಮೇಲೆ 1936ರ ಕೆಳಗೆ ಮೂರನೆಯದೊಂದು ಇಸವಿಯೂ ಈಗ ಇದೆ. ಅಜ್ಜಿಯ ಒಪ್ಪಿಗೆ ಪಡೆದು ಅಪ್ಪ ಬರೆದದ್ದು, ಪಕ್ಕದಲ್ಲಿ ಕನ್ನಡದ 'ತು' ಅಕ್ಷರ.

ಹಳೆಯ ಸಾಮಾನಿನ ಸಂತೆಗಳಲ್ಲಿ ಇಂಥ ಗಡಿಯಾರ ನಿಮ್ಮ ಕಣ್ಣಿಗೂ ಬಿದ್ದೀತು. ಕೊಳ್ಳುವ ಮುಂಚೆ ಮೇಲಿನ ಗಾಜಿನೊಳಗೆ ಬ್ಯಾಲೆನ್ಸು ಸರಾಗವಾಗಿ ಆಡುವುದೇ ನೋಡಿ. ಪ್ಲಾಟ್‌ಫಾರಂ ಪಕ್ಕದಲ್ಲಿ ಬೇಡದ ಹಳೆಯ ಸ್ಕ್ರೂ ತೂತುಗಳಿದ್ದರೆ ಅದನ್ನು ಬದಲಾಯಿಸಿರಬಹುದೆಂದು ತಿಳಿಯಿರಿ. ಅತಿಯಾಗಿ ಹೊಳೆಯುವುದನ್ನು ನಂಬಬೇಡಿ. ಅದಕ್ಕಿಂತ ಮೊದಲು ಇನ್ನೊಂದು ಕೆಲಸ: ನಮ್ಮಲ್ಲಿ ಅನೇಕರ ಮೇಜಿನ ಡ್ರಾಯರಿನಲ್ಲಿ ತಂದೆಯದೋ ಮಾವನದೋ ಒಂದು ಎಚ್‌.ಎಂ.ಟಿ. ಮಲಗಿರುತ್ತದೆ. ಅದನ್ನು ಹೊರತೆಗೆಯಿರಿ, ತಿಳಿದವರಿಂದ ಎಣ್ಣೆ ಹಾಕಿಸಿ, ಕೀ ಕೊಡಿ. ಅದನ್ನು ಜೋಡಿಸಿದವರ ಹೆಸರು ಒಳಗೆ ಎಲ್ಲೂ ಇಲ್ಲ. ಆದರೆ ಅವರಲ್ಲಿ ಬಹಳ ಜನ ಇನ್ನೂ ಇದ್ದಾರೆ.