ಮೈ ಬಂದಿದ್ದಲ್ಲ, ಬಾವು

ಈ ವಾರ ಈರುಳ್ಳಿ ಕೊಳೆ ರೋಗದ ಬಗ್ಗೆ ಬರೀತೀನಿ ಅಂದಿದ್ದೆ. ಅದನ್ನ ಮುಂದಿನ ವಾರಕ್ಕೆ ಇಟ್ಕೊಂಡಿದೀನಿ. ಇನ್ನು 15 ದಿನಕ್ಕೆ ನಮ್ಮ ಕಡೆ ಕೀಳೋ ಕೆಲಸ ಶುರುವಾಗುತ್ತೆ, ಹೊರಗಿನ ಕೂಲಿ ಜನ ಮಕ್ಕಳು ಮರಿ ಕಟ್ಕೊಂಡು ಬರ್ತಾರೆ. ಅವರು ಬರೋ ಮುಂಚೆ ಈ ವಿಷಯ ಹೇಳಿಬಿಡಬೇಕು. ನನ್ನ ತಪ್ಪೂ ಇದರಲ್ಲಿದೆ, ಅದನ್ನೂ ಹೇಳ್ತೀನಿ.

ಹೋದ ವರ್ಷ ನಮ್ಮ ಎರಡೂವರೆ ಎಕರೆ ಈರುಳ್ಳಿ ಕೀಳೋಕೆ ಮೇಸ್ತ್ರಿ 11 ಜನರನ್ನ ಕರ್ಕೊಂಡು ಬಂದಿದ್ದ. ಅದರಲ್ಲಿ ಒಂದು ಗಂಡ ಹೆಂಡತಿ, ಅವರಿಗೆ ಒಂದೂಕಾಲು ವರ್ಷದ ಹೆಣ್ಣು ಮಗು. ಬದುವಿನ ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿ ಮಲಗಿಸೋರು. ಬಂದಾಗ ಮಗು ಬಹಳ ಸಣ್ಣಕ್ಕಿತ್ತು. ಊರಲ್ಲಿ ಭೇದಿ ಆಗಿತ್ತು ಅಂದ್ಳು ತಾಯಿ. ಗಂಜಿ ನೀರು, ಟೀ ಬಿಸ್ಕತ್ತು, ಅಷ್ಟೇ ಅದರ ಊಟ. ಎಂಟತ್ತು ದಿನ ಆದ್ಮೇಲೆ ನೋಡ್ತೀನಿ, ಮುಖ, ಕಾಲು ಎಲ್ಲಾ ದುಂಡಗಾಗಿವೆ. ನಾನೇ ಹೇಳಿದೆ, "ನೋಡಮ್ಮಾ, ನಮ್ಮೂರ ನೀರು ಹಿಡೀತು ನಿನ್ನ ಮಗಳಿಗೆ, ಮೈ ತುಂಬ್ಕೊಂಡೈತೆ." ಆಯಮ್ಮ ನಕ್ಕಳು. ಮಗು ಅಳ್ತಾನೂ ಇರಲಿಲ್ಲ. ಒಳ್ಳೆ ಮಗು, ಹಟ ಇಲ್ಲ ಅಂತ ಎಲ್ಲರೂ ಅನ್ನೋರು.

ನಮ್ಮ ಸೊಸೆ ಬಾಣಂತಿ ಇದ್ಲು. ಕೂಸು ನೋಡೋಕೆ ಬಂದ ಆಶಾ ಅಕ್ಕ ವಾಪಸ್ ಹೋಗ್ತಾ ಆ ಜೋಲಿ ಹತ್ರ ನಿಂತ್ರು. ಮಗು ಎರಡೂ ಪಾದದ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದು ಬಿಟ್ರು. ಹಸಿ ಮಣ್ಣಲ್ಲಿ ಬೆರಳು ಊರಿದ ಹಂಗೆ ಗುಳಿ ಬಿತ್ತು, ಮೇಲೆ ಬರ್ಲೇ ಇಲ್ಲ. "ಅಣ್ಣ, ಇದು ಮೈ ಬಂದಿದ್ದಲ್ಲ, ಬಾವು. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು" ಅಂದ್ರು.

ತಾಯಿ ಗಂಡನ ಮುಖ ನೋಡಿದ್ಲು, ಅವನು ನನ್ನ ಮುಖ ನೋಡಿದ. "ಮುಂಗಡ ಇಸ್ಕೊಂಡೀವಿ ಯಜಮಾನ್ರೇ, ನೀವು ಹೆಂಗೆ ಅಂದ್ರೆ ಹಂಗೆ." ಮೋಡ ಆಗಿತ್ತು. ಕಿತ್ತ ಈರುಳ್ಳಿ ಹೊಲದಲ್ಲೇ ಬಿದ್ದಿತ್ತು. "ನಾಡಿದ್ದು ಯಶವಂತಪುರಕ್ಕೆ ಲೋಡ್ ಹೋಗ್ಲಿ, ಆಮೇಲೆ ಹೋಗಿ ಬನ್ನಿ" ಅಂದೆ. ಇದನ್ನ ಇಲ್ಲಿ ಬರೆಯೋಕೆ ನನಗೆ ಒಂದು ವರ್ಷ ಬೇಕಾಯ್ತು.

ಮಾರನೇ ರಾತ್ರಿ ಮಗು ಮೈ ತಣ್ಣಗಾಯ್ತು. ಬಾಯಿಗೆ ಏನಿಟ್ರೂ ನುಂಗಲಿಲ್ಲ. ಪಕ್ಕದ ಹೊಲದವರ ಗಾಡೀಲಿ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಲ್ಲಿ ಜಿಲ್ಲಾ ಆಸ್ಪತ್ರೆ. ದೇವರು ದೊಡ್ಡವನು, ಉಳೀತು. ಅಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರ ಅಂತ ಇದೆ, ಎನ್‌ಆರ್‌ಸಿ ಅಂತಾರೆ. ಸುಮಾರು 14 ದಿನ ತಾಯಿ ಮಗು ಇಬ್ಬರನ್ನೂ ಇಟ್ಕೊಂಡು ನೋಡ್ತಾರೆ. ತಾಯಿಗೆ ಊಟ ಇದೆ, ಹೋದ ಕೂಲಿಗೆ ಅಂತ ದಿನಕ್ಕಿಷ್ಟು ದುಡ್ಡೂ ಇದೆ. ಇದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ರೆ ಅವಳು ನನ್ನ ಮುಖ ನೋಡ್ತಾ ನಿಲ್ಲೋ ಹಂಗಿರಲಿಲ್ಲ.

ಆಮೇಲೆ ನಮ್ಮ ಅಂಗನವಾಡೀಲಿ ತಾಯಂದಿರಿಗೆ ಒಂದು ತರಬೇತಿ ಇಟ್ರು. ಗಂಡಸರು ಕೂರಬಹುದಾ ಅಂತ ಕೇಳಿದೆ. ಟೀಚರ್ ನಕ್ಕು, "ಬನ್ನಿ ಅಣ್ಣ, ನಿಮ್ಮಂಥವರೇ ಬರಬೇಕು" ಅಂದ್ರು. ಅಲ್ಲಿ ಕಲಿತಿದ್ದು ಇಷ್ಟು.

ಮೂರು ಬಣ್ಣದ ಒಂದು ಟೇಪು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ. ಎಡಗೈ ತೋಳು, ಭುಜದ ಮೂಳೆಗೂ ಮೊಣಕೈಗೂ ಸರಿಯಾಗಿ ಮಧ್ಯಕ್ಕೆ. ಕೈ ಸಡಿಲವಾಗಿ ಕೆಳಗೆ ಬಿಟ್ಟಿರಬೇಕು. ಟೇಪು ಚರ್ಮ ಒತ್ತಬಾರದು, ಜೋತು ಬೀಳಲೂಬಾರದು. 12.5 ಸೆಂಟಿಮೀಟರ್ ಮತ್ತು ಮೇಲಿದ್ರೆ ಹಸಿರು. 11.5ರಿಂದ 12.5ರ ಒಳಗೆ ಹಳದಿ, ಅಂದ್ರೆ ಎಚ್ಚರ. 11.5ಕ್ಕಿಂತ ಕಮ್ಮಿ ಕೆಂಪು, ತಡ ಮಾಡೋ ಹಂಗೇ ಇಲ್ಲ.

ಒಂದು ವರ್ಷದ ಮಗುವಿಗೂ ನಾಲ್ಕು ವರ್ಷದ ಮಗುವಿಗೂ ಒಂದೇ ಅಳತೆ ಹೆಂಗೆ ಅಂತ ನಾನು ಕೇಳಿದೆ. ಆ ವಯಸ್ಸಲ್ಲಿ ಮಗು ಎತ್ತರ ಬೆಳೆಯುತ್ತೆ, ತೋಳಿನ ಸುತ್ತಳತೆ ಅಷ್ಟಾಗಿ ಬದಲಾಗಲ್ಲ, ಅದಕ್ಕೇ ತೂಕದ ಯಂತ್ರ ಇಲ್ಲದಿದ್ರೂ ನಡೆಯುತ್ತೆ ಅಂದ್ರು. ನಾವು ಹಸುವಿನ ಎದೆ ಸುತ್ತ ಟೇಪು ಹಿಡಿದು ತೂಕ ಅಂದಾಜು ಮಾಡಿ ಜಂತುಹುಳು ಔಷಧಿ ಹಾಕಲ್ವಾ, ಹಂಗೇ.

ಆಮೇಲೆ ಪಾದ. ಎರಡೂ ಪಾದದ ಮೇಲೆ ಹೆಬ್ಬೆಟ್ಟು ಒತ್ತಿ ನೂರಾ ಒಂದು, ನೂರಾ ಎರಡು, ನೂರಾ ಮೂರು ಅಂತ ಎಣಿಸಿ ತೆಗೀಬೇಕು. ಎರಡರಲ್ಲೂ ಗುಳಿ ಉಳಿದ್ರೆ ಟೇಪಿನಲ್ಲಿ ಯಾವ ಬಣ್ಣ ಬಂದ್ರೂ ಲೆಕ್ಕಕ್ಕಿಲ್ಲ, ನೇರ ಆಸ್ಪತ್ರೆ. ಬಾವು ಇರೋ ಮಗುವಿನ ತೋಳು ಹಸಿರೂ ತೋರಿಸಬಹುದು. ನಾನು ಮೋಸ ಹೋಗಿದ್ದೂ ಅಲ್ಲೇ.

ಇನ್ನೊಂದು ಮಾತು. ಕೆಂಪು ಬಂತು ಅಂತ ಹೆದರಿ ಮನೇಲೇ ಒಂದೇ ಸಲ ಜಾಸ್ತಿ ತಿನ್ನಿಸೋಕೆ ಹೋಗಬೇಡಿ. ಅಷ್ಟು ಸೊರಗಿದ ಮಗುವಿನ ಹೃದಯ ತಡೆಯಲ್ಲ. ಬಾಡಿದ ಬೆಳೆಗೆ ಒಂದೇ ದಿನ ಯೂರಿಯಾ ಸುರಿದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಆಸ್ಪತ್ರೇಲಿ ಸ್ವಲ್ಪ ಸ್ವಲ್ಪವಾಗಿ ಏರಿಸ್ತಾರೆ. ನಮ್ಮ ಅಜ್ಜಿಯರು ಬಾಲಗ್ರಹ ಅಂತ ಅಂತ್ರ ಕಟ್ಟಿಸೋರು. ಕಟ್ಟಿಸ್ಕೊಳ್ಳಿ, ನಾನು ಬೇಡ ಅನ್ನಲ್ಲ. ಆದ್ರೆ ಅದೇ ತೋಳಿಗೆ ಟೇಪೂ ಹಿಡೀರಿ.

ಇದು ಓದಿದವರಿಗೆ ಮಾತ್ರ ಅಂತ ತಿಳ್ಕೋಬೇಡಿ. ಆಫ್ರಿಕಾದ ನೈಜರ್ ದೇಶದಲ್ಲಿ ಹಳ್ಳಿ ತಾಯಂದಿರ ಕೈಗೇ ಈ ಟೇಪು ಕೊಟ್ಟು ಪರೀಕ್ಷೆ ಮಾಡಿದ್ರಂತೆ. ಆರೋಗ್ಯ ಕಾರ್ಯಕರ್ತರಷ್ಟೇ ಚೆನ್ನಾಗಿ ಅವರೂ ಅಳೆದ್ರು, ಮಕ್ಕಳು ಹದಗೆಡೋ ಮುಂಚೆಯೇ ಸಿಕ್ಕಿದ್ರು ಅಂತ ತರಬೇತೀಲಿ ಹೇಳಿದ್ರು. ತಾಯಿ ದಿನಾ ಮಗುವನ್ನ ಎತ್ಕೊಳ್ಳೋಳು, ಅವಳಿಗಿಂತ ಮುಂಚೆ ಯಾರಿಗೆ ಗೊತ್ತಾಗುತ್ತೆ?

ಈ ಸಲ ನಾನು ಮಾಡೋದು ಹೇಳ್ತೀನಿ. ಕೂಲಿಯವರು ಬಂದ ದಿನವೇ ಅವರ ಜೊತೆ ಬಂದ ಸಣ್ಣ ಮಕ್ಕಳ ತೋಳು, ಪಾದ ಎರಡೂ ಆಶಾ ಅಕ್ಕನ ಕೈಲಿ ನೋಡಿಸ್ತೀನಿ. ಹೊರಗಿಂದ ಬಂದ ಮಕ್ಕಳನ್ನೂ ಕಳಿಸಿ, ಊಟ ಮೊಟ್ಟೆ ಕೊಡ್ತೀವಿ ಅಂತ ಟೀಚರ್ ಹೇಳಿದಾರೆ, ಕಳಿಸ್ತೀನಿ. ಮಧ್ಯಾಹ್ನ ಮಗುವಿಗೆ ಊಟ ಮಾಡಿಸೋಕೆ ತಾಯಿ ಎದ್ದು ಹೋದ್ರೆ ಕೂಲಿ ಹಿಡಿಯಲ್ಲ. ಮಗು ಆಸ್ಪತ್ರೆಗೆ ಹೋಗೋದಾದ್ರೆ ಮುಂಗಡದ ಮಾತು ಎತ್ತಲ್ಲ. ಇದನ್ನ ಮೇಸ್ತ್ರಿಗೆ ಫೋನಲ್ಲಿ ಮೊದಲೇ ಹೇಳಿದೀನಿ.

ಆ ಮಗು ಈಗ ಓಡಾಡ್ತೈತಂತೆ, ಮೇಸ್ತ್ರಿ ಹೇಳಿದ. ಅವರು ಈ ವರ್ಷ ನಮ್ಮ ಹೊಲಕ್ಕೆ ಬರಲ್ವಂತೆ. ಯಾರ ಹೊಲಕ್ಕೆ ಹೋಗ್ತಾರೋ ಗೊತ್ತಿಲ್ಲ. ನಿಮ್ಮಲ್ಲೇ ಯಾರದಾದ್ರೂ ಆಗಿರಬಹುದು.

ನಮ್ಮ ಮನೇಲಿ ಮೂರು ಟೇಪು ಇವೆ. ಬೇಕಾದವರು ಬಂದು ತಗೊಂಡು ಹೋಗಿ, ಅಳೆಯೋದು ಹೆಂಗೆ ಅಂತ ನಮ್ಮ ಮನೆಯವರು ತೋರಿಸ್ತಾರೆ. ಕೊಳೆ ರೋಗದ ಬಗ್ಗೆ ಮುಂದಿನ ವಾರ ಬರೀತೀನಿ.